ಗಣನೀಯ ನಂಟು

ಫಾರಂ ಕೇಳಿದ್ದು ನಂಟು, ಸೆಕೋವೆ ಬರೆದದ್ದು ನಂಟನ ಹೆಸರು. ಆಮೇಲೆ ನಡೆದ ಇಷ್ಟೂ ರಾದ್ಧಾಂತಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಅವನ ಬಳಿ ಇದ್ದದ್ದು ಆಸ್ಟ್ರೇಲಿಯಾದ ಕಾಯಂ ವಾಸದ ವೀಸಾ. ಕಾಯಂ ಅನ್ನುವ ಮಾತಿಗೆ ಸರ್ಕಾರದ ಭಾಷೆಯಲ್ಲಿ ಐದು ವರ್ಷ ಎಂದು ಅರ್ಥ. ಐದು ವರ್ಷ ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಓಡಾಡು. ಐದು ತುಂಬುವ ದಿನ ಹೊರಗಿದ್ದೆಯೋ, ಬಾಗಿಲು ಹಾಕಿತು. ಮತ್ತೆ ತೆಗೆಸಬೇಕಾದರೆ ಆ ಐದರಲ್ಲಿ ಎರಡು ವರ್ಷವಾದರೂ ಅಲ್ಲಿ ಬಾಳಿರಬೇಕು. ಸೆಕೋವೆ ಬಾಳಿದ್ದು ಒಂದು. ಅದಕ್ಕೂ ಮುಂಚೆ ಎಂಟು ವರ್ಷ ಗ್ರಿಫಿತ್ ಊರಿನ ಶೆಡ್ಡಿನಲ್ಲಿ ದ್ರಾಕ್ಷಿ ಸಾಗಿಸುವ ಟ್ರೇಲರುಗಳಿಗೆ ವೆಲ್ಡಿಂಗ್ ಮಾಡುತ್ತ ಅವನು ಕೈ ಸುಟ್ಟುಕೊಂಡಿದ್ದ. ಅದು ಲೆಕ್ಕಕ್ಕಿಲ್ಲ, ಯಾಕೆಂದರೆ ಅದು ಬೇರೆ ವೀಸಾ. ಬೆವರಿಗೂ ವೀಸಾ ನಂಬರು ಇರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಉಳಿದ ನಾಲ್ಕು ವರ್ಷ ಎಲ್ಲಿ ಹೋದವು ಎಂದರೆ, ಚಾವಣಿಗೆ ಹೋದವು. ಚಂಡಮಾರುತ ಅವನ ಹುಟ್ಟೂರು ನಾವೂಸೊ ಹಳ್ಳಿಯನ್ನು ಗುಡಿಸಿ ಹಾಕಿದ ವಾರ ಸೆಕೋವೆ ಮೂರು ವಾರದ ರಜೆ ಹಾಕಿ ಫಿಜಿಗೆ ಬಂದ. ತಾಯಿಯ ಮನೆಗೆ ತಗಡು ಹೊದಿಸಿ ಹಿಂದಿರುಗುವುದು ಅವನ ಯೋಚನೆ. ಆದರೆ ಕೊಲ್ಲಿಯ ಈ ದಡಕ್ಕೆಲ್ಲ ವೆಲ್ಡಿಂಗ್ ಬಲ್ಲವನು ಅವನೊಬ್ಬನೇ. ತಾಯಿಯ ಮನೆ ಮುಗಿದ ದಿನ ದೊಡ್ಡಪ್ಪ ಬಂದು ಅಂಗಳದಲ್ಲಿ ಕೂತ. ದೊಡ್ಡಪ್ಪನದು ಮುಗಿದ ದಿನ ಚಿಕ್ಕಪ್ಪಂದಿರು ಬಂದು ಕೂತರು. ಅವನು ಅಪ್ಪ ಎಂದು ಕರೆಯಬೇಕಾದವರು ಊರಲ್ಲಿ ಇನ್ನೂ ಆರು ಜನ ಇದ್ದರು. ಆಮೇಲೆ ಚರ್ಚು, ಪಾದ್ರಿಯ ಮನೆ, ಶಾಲೆ. ನಡುವೆ ಟೊರೀಕಾಳ ಮನೆ ಬಂತು. ಎಂಟು ದಿನದ ಆ ಚಾವಣಿಯನ್ನು ಅವನು ಬೇಕೆಂದೇ ಎರಡು ತಿಂಗಳು ಎಳೆದ; ಇಳಿದ ಮೇಲೆ ಅವಳನ್ನು ಮದುವೆಯಾದ. ಮಗಳು ಉನಾಯ್ಸಿಗೆ ಈಗ ಎರಡೂವರೆ ವರ್ಷ.

ಐದು ವರ್ಷ ತುಂಬಲು ಎರಡು ತಿಂಗಳಿತ್ತು. ವೀಸಾ ಉಳಿದರೆ ಸೆಕೋವೆ ಮೊದಲು ಹೋಗಿ, ಹೆಂಡತಿ ಮಗಳಿಗೆ ತಾನೇ ಜವಾಬ್ದಾರನೆಂದು ಬರೆದುಕೊಟ್ಟು ಅವರನ್ನು ಕರೆಸಿಕೊಳ್ಳಬಹುದು. ಉಳಿಯದಿದ್ದರೆ ಮೂವರದೂ ಒಟ್ಟಿಗೇ ಹೋಯಿತು. ಚಂಡಮಾರುತದ ವರ್ಷ ಅರ್ಧಕ್ಕೆ ಬಿಟ್ಟ ನರ್ಸಿಂಗ್ ಓದನ್ನು ಅಲ್ಲಿ ಮುಗಿಸಬೇಕೆಂದು ಟೊರೀಕಾ ಹಟ ಹಿಡಿದಿದ್ದಳು. ಮರಗೆಣಸು ಹೊಸದಾಗಿ ನೆಡುವುದನ್ನು ಆಗಲೇ ನಿಲ್ಲಿಸಿದ್ದಳು. ಕೀಳೋ ಹೊತ್ತಿಗೆ ನಾವಿಲ್ಲಿ ಇರಲ್ವಲ್ಲ ಎಂದು ಅತ್ತೆಯ ಎದುರಿಗೇ ಹೇಳಿದ್ದಳು. ಅತ್ತೆ ಮರುದಿನ ತಾನೇ ಹೋಗಿ ಒಂದು ಸಾಲು ನೆಟ್ಟು ಬಂದಿದ್ದಳು.

ಫಾರಂ ತುಂಬಿದ್ದು ಸವುಸವು ಪೇಟೆಯ ಬಿಸುನ್ ದೇವನ ಜೆರಾಕ್ಸ್ ಅಂಗಡಿಯಲ್ಲಿ. ಬಿಸುನ್ ದೇವ್ ಕಬ್ಬಿನ ಗದ್ದೆಯ ಕೂಲಿಗೆಂದು ಭಾರತದಿಂದ ಬಂದವರ ಮರಿಮಗ. ಅವನ ಅಣ್ಣಂದಿರು, ಅಕ್ಕಂದಿರು, ಅವರ ಮಕ್ಕಳು ಎಲ್ಲರೂ ಅವನ ಕೈಯಲ್ಲೇ ಫಾರಂ ತುಂಬಿಸಿಕೊಂಡು ಬ್ರಿಸ್ಬೇನಿಗೆ ಹೋಗಿದ್ದರು. ಅವನು ಮಾತ್ರ ಉಳಿದವರ ಫಾರಂ ತುಂಬಲು ಉಳಿದಿದ್ದ. ಎರಡು ವರ್ಷ ಬಾಳದವರಿಗೆ ಇನ್ನೊಂದು ದಾರಿ ಇದೆ ಎಂದು ತೋರಿಸಿದವನೂ ಅವನೇ. ಹದಿನೇಳನೆಯ ಕಾಲಂ. ‘ಆಸ್ಟ್ರೇಲಿಯಾದ ಜೊತೆ ನಿಮಗಿರುವ ಗಣನೀಯ ನಂಟನ್ನು ವಿವರಿಸಿ.’ ಮನೆಯೋ ಕೆಲಸವೋ ಚರ್ಚೋ ಏನಾದರೂ ಬರಿ, ಕೆಳಗೆ ಒಬ್ಬರ ಹೆಸರು ಕೊಡು, ಅವರು ಫೋನ್ ಮಾಡಿ ವಿಚಾರಿಸುತ್ತಾರೆ ಎಂದ. ಅಷ್ಟರಲ್ಲಿ ಹೊರಗೆ ಬಸ್ಸಿನವನು ಹಾರ್ನ್ ಹೊಡೆದ. ಸೆಕೋವೆ ಮನೆಯನ್ನೂ ಬರೆಯಲಿಲ್ಲ, ಕೆಲಸವನ್ನೂ ಬರೆಯಲಿಲ್ಲ. ನಂಟು ಎಂದರೆ ಅವನಿಗೆ ಹೊಳೆದದ್ದು ಒಂದೇ. ದಪ್ಪ ಅಕ್ಷರದಲ್ಲಿ ಬರೆದ: ಅಪಿಸಾಯ್, ನನ್ನ ತವಲೆ.

ತವಲೆ ಎಂದರೆ ಸೋದರಮಾವನ ಮಗ, ಅಥವಾ ಹೆಂಡತಿಯ ಅಣ್ಣ. ಅಪಿಸಾಯ್ ದೂರದ ಲೆಕ್ಕದಲ್ಲಿ ಮೊದಲನೆಯದು, ಟೊರೀಕಾಳ ಕಡೆಯಿಂದ ಖಾಸಾ ಎರಡನೆಯದು. ಹದಿನೈದು ವರ್ಷದಿಂದ ಗ್ರಿಫಿತ್‌ನಲ್ಲಿದ್ದ, ಅಲ್ಲಿನ ಪ್ರಜೆಯಾಗಿದ್ದ, ಸೆಕೋವೆಯಿದ್ದ ಶೆಡ್ಡಿಗೇ ಮೇಸ್ತ್ರಿ. ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು? ಒಂದೇ ತೊಂದರೆ ಏನೆಂದರೆ, ತವಲೆಗಳು ಒಬ್ಬರನ್ನೊಬ್ಬರು ಬೈದುಕೊಳ್ಳಬೇಕು. ಬೈಯಬಹುದು ಎಂದಲ್ಲ, ಬೈಯಲೇಬೇಕು. ಎಷ್ಟು ಆಳಕ್ಕೆ ಬೈದರೆ ಅಷ್ಟು ಪ್ರೀತಿ. ಬೈಸಿಕೊಂಡವನು ನಕ್ಕು ಇನ್ನೂ ದೊಡ್ಡದನ್ನು ಎಸೆಯಬೇಕು. ಮುಖ ಕೆಂಪಾದವನು ಸೋತ. ಒಬ್ಬ ತವಲೆ ಇನ್ನೊಬ್ಬನನ್ನು ನಾಲ್ಕು ಜನರ ಎದುರಿಗೆ ಹೊಗಳಿದರೆ, ಆ ಮನೆಯಲ್ಲಿ ಯಾರೋ ಸತ್ತಿದ್ದಾರೆ ಎಂದು ಕೇಳಿದವರು ಎದ್ದು ಹೊರಡುತ್ತಾರೆ.

ಇದು ಸೆಕೋವೆಗೆ ಹಾಲು ಕುಡಿದಾಗಿನಿಂದ ಗೊತ್ತು. ಆದರೆ ಸರ್ಕಾರದವರು ಫೋನ್ ಮಾಡಿದಾಗಲೂ ಅಪಿಸಾಯ್ ಅಪಿಸಾಯನೇ ಆಗಿರುತ್ತಾನೆ ಎಂಬುದು ಅವನ ತಲೆಗೆ ಹೋಗಲಿಲ್ಲ.

ಮೂರು ವಾರಕ್ಕೆ ಕಾಗದ ಬಂತು. ಬಿಸುನ್ ದೇವ್ ಅದನ್ನು ಪ್ರಿಂಟ್ ತೆಗೆದು ಮೊದಲ ಪುಟ ಓದಿದ, ಎರಡನೆಯ ಪುಟಕ್ಕೆ ಬಂದು ಗಲ್ಲಾ ಪೆಟ್ಟಿಗೆಯ ಹಿಂದೆ ಕೂತುಬಿಟ್ಟ. ನೀನೇ ಓದಿಕೊ, ನನ್ನ ಕೈಲಾಗಲ್ಲ ಎಂದು ಕಣ್ಣೊರೆಸಿಕೊಂಡ. ಅಯ್ಯೋ, ಹೋಯಿತು ಎಂದುಕೊಂಡ ಸೆಕೋವೆ. ಆಮೇಲೆ ನೋಡಿದರೆ ಬಿಸುನ್ ದೇವ್ ನಗುತ್ತಿದ್ದ.

ನೀವು ಸೂಚಿಸಿದ ವ್ಯಕ್ತಿಯನ್ನು ದುಭಾಷಿಯ ಮೂಲಕ ಫೋನಿನಲ್ಲಿ ವಿಚಾರಿಸಲಾಗಿದೆ ಎಂದಿತ್ತು ಕಾಗದ. ಆ ವ್ಯಕ್ತಿ ಏನೇನು ಹೇಳಿದ ಎಂಬುದನ್ನು ನಂಬರು ಹಾಕಿ ಬರೆದಿದ್ದರು. ಒಂದು, ಅರ್ಜಿದಾರನು ಮನುಷ್ಯನಲ್ಲ, ಹಂದಿ. ಎರಡು, ಅವನು 2012ರ ಚಳಿಗಾಲದಲ್ಲಿ ಹೇಳಿಕೆದಾರನ ರಬ್ಬರ್ ಬೂಟುಗಳನ್ನು ಕದ್ದು, ಮೂರು ವರ್ಷ ಅವನ್ನೇ ಮೆಟ್ಟಿಕೊಂಡು ಶೆಡ್ಡಿಗೆ ಕೆಲಸಕ್ಕೆ ಬಂದಿದ್ದಾನೆ. ಮೂರು, 2014ರ ಈಸ್ಟರ್ ಗಾಯನ ಸ್ಪರ್ಧೆಯಲ್ಲಿ ಬಾವಲಿಯಂತೆ ಕಿರುಚಿ ತನ್ನದೇ ಚರ್ಚಿನ ತಂಡ ಸೋಲುವಂತೆ ಮಾಡಿದ್ದಾನೆ; ಬುದ್ಧಿಯಿಲ್ಲದ ತಂಡ ಅವನ ಕುರ್ಚಿಯನ್ನು ಈಗಲೂ ಖಾಲಿ ಇಟ್ಟಿದೆ. ನಾಲ್ಕು, ಅವನ ಲಟಾರಿ ಪಿಕಪ್ ಗಾಡಿ ಹೇಳಿಕೆದಾರನ ಹಿತ್ತಲಲ್ಲಿ ನಿಂತಿದ್ದು, ಅದರಲ್ಲಿ ಕೋಳಿಗಳು ಸಂಸಾರ ಹೂಡಿವೆ. ಐದು, ‘ನಿನ್ನ ಆ ಕಳ್ಳ ಯಾವತ್ತು ಬರ್ತಾನೆ’ ಎಂದು ಶೆಡ್ಡಿನ ಯಜಮಾನ ಪ್ರತಿ ಸೋಮವಾರ ಹೇಳಿಕೆದಾರನ ತಲೆ ತಿನ್ನುತ್ತಾನೆ. ಆರು, ಅರ್ಜಿದಾರನು ಚಾವಣಿ ಹತ್ತಿ ಹೇಳಿಕೆದಾರನ ತಂಗಿಯನ್ನು ಕದ್ದಿದ್ದಾನೆ. ಏಳು, ಅವನು ವಾಪಸು ಬರುವುದಿಲ್ಲ. ಊರಿನಲ್ಲಿ ದೊಡ್ಡ ಮನುಷ್ಯನಾಗಿ ಚಾಪೆಯ ಮೇಲೆ ಕೂತು ಕೊಬ್ಬಿದ್ದಾನೆ. ಇಲ್ಲಿಗೆ ಬಂದರೆ ಕೇಳುವವರಿಲ್ಲ ಎಂದು ಅವನಿಗೆ ಗೊತ್ತು.

ಈ ಸಂಗತಿಗಳು ನಿಮ್ಮ ಅರ್ಜಿಗೆ ಪ್ರತಿಕೂಲವಾಗಿವೆ, ಇಪ್ಪತ್ತೆಂಟು ದಿನದೊಳಗೆ ಲಿಖಿತ ಉತ್ತರ ಕೊಡತಕ್ಕದ್ದು ಎಂದು ಕೊನೆಯಲ್ಲಿತ್ತು. ಹಂದಿ ಎಂಬ ಮಾತಿಗೆ ಲಿಖಿತ ಉತ್ತರ ಹೇಗೆ ಕೊಡುವುದೆಂದು ಮಾತ್ರ ಅವರು ಬರೆದಿರಲಿಲ್ಲ.

ಶನಿವಾರ ಮಧ್ಯಾಹ್ನ ಊರಿನ ದೊಡ್ಡ ಮನೆಯಲ್ಲಿ ಮೆಲ್ಲಗೆ ಮಂಪರು ತರುವ ಯಂಗೋನ ಬೇರು ಕುಟ್ಟಿ, ನೀರಿಗೆ ಕಲಸಿ, ಬೋಗುಣಿಯ ಸುತ್ತ ಗಂಡಸರು ಕೂತಿದ್ದರು. ಸೆಕೋವೆ ಕಾಗದ ಬಿಚ್ಚಿದ. ತನ್ನ ಸಂಕಟಕ್ಕೆ ಊರು ಮರುಗುತ್ತದೆ ಎಂದುಕೊಂಡಿದ್ದ. ಎರಡನೆಯ ನಂಬರಿಗೆ ಬರುವಷ್ಟರಲ್ಲಿ ಒಬ್ಬ ಕುಡಿಯುತ್ತಿದ್ದ ಚಿಪ್ಪನ್ನು ಮೈಮೇಲೆ ಚೆಲ್ಲಿಕೊಂಡ. ಮೂರನೆಯದಕ್ಕೆ ಊರ ಮುಖಂಡ, ವಯಸ್ಸಾದವನು, ಇನ್ನೊಂದು ಸಲ ಓದು ಎಂದ. ಸರ್ಕಾರದ ಕಾಗದದಲ್ಲಿ, ಮೊಹರಿನ ಕೆಳಗೆ, ಬಾವಲಿ ಎಂದು ಬರೆದಿದೆಯೇ ಎಂದು ಕಾಗದವನ್ನು ಕೈಯಲ್ಲಿ ಹಿಡಿದು ನೋಡಿದ. ಅಪಿಸಾಯ್ ಅಷ್ಟು ದೂರ ಹೋದರೂ ನಾಲಿಗೆಯ ಹರಿತ ಉಳಿಸಿಕೊಂಡಿದ್ದಾನೆ, ಹುಡುಗ ಊರು ಮರೆತಿಲ್ಲ ಎಂದು ಎಲ್ಲರೂ ಅವನನ್ನೇ ಮೆಚ್ಚಿಕೊಂಡರು. ಸೆಕೋವೆಯ ವೀಸಾದ ಮಾತು ಬೋಗುಣಿಯ ತಳ ಸೇರಿತು. ಎದ್ದು ಹೋಗುವಾಗ ಮುಖಂಡ ಬೇಕಾದರೆ ನಾನೊಂದು ಸರ್ಟಿಫಿಕೇಟ್ ಕೊಡುತ್ತೇನೆ ಎಂದ: ‘ಮೇಲ್ಕಂಡ ಬೈಗುಳಗಳನ್ನು ಪೂರ್ಣ ಗೌರವದಿಂದ ಬೈಯಲಾಗಿದೆ.’

ಸೆಕೋವೆ ಅಂದೇ ಅಪಿಸಾಯ್‌ಗೆ ಫೋನ್ ಮಾಡಿದ. ಮಾಡುವ ಮುಂಚೆ ಬಾಯಿಗೆ ನಗು ಹಚ್ಚಿಕೊಂಡ. ಸಿಟ್ಟು ತೋರಿಸಿದರೆ ಸೋತ ಹಾಗೆ. ಆ ಸೋಲನ್ನು ಅಪಿಸಾಯ್ ಸೆಕೋವೆಯ ಮೊಮ್ಮಕ್ಕಳ ಕಾಲದವರೆಗೂ ಹೇಳುತ್ತಾನೆ.

“ಬಂತಾ ಕಾಗದ?” ಎಂದ ಅಪಿಸಾಯ್. “ಬಾವಲಿ ಅಂತ ಹಾಕಿದಾರಾ?”

“ಹಾಕಿದಾರೆ ಭಾವ.”

“ಆ ದುಭಾಷಿ ಹೆಂಗಸು ಒಳ್ಳೇವ್ಳು ಕಣೋ. ಒಂದೂ ಬಿಟ್ಟಿಲ್ಲ ಹಂಗಾದ್ರೆ.”

ಇಂಗ್ಲಿಷಿನಲ್ಲೇ ಮಾತಾಡಬಹುದಿತ್ತಲ್ಲ, ದುಭಾಷಿ ಯಾಕೆ ಬೇಕಿತ್ತು ಎಂದು ಸೆಕೋವೆ ಹಲ್ಲು ಕಚ್ಚಿಕೊಂಡೇ ನಗುತ್ತ ಕೇಳಿದ. ಅಧಿಕಾರಿಯೇ ಯಾವ ಭಾಷೆ ಬೇಕು ಎಂದು ಕೇಳಿದಳಂತೆ. ನಿನ್ನ ವಿಷಯ ಇಂಗ್ಲಿಷಿನಲ್ಲಿ ಹೇಳಿದರೆ ಉಪ್ಪು ಹಾಕದ ಮೀನಿನ ಹಾಗಿರುತ್ತದೆ ಎಂದ ಅಪಿಸಾಯ್. ಶುಕ್ರವಾರ ಕೆಲಸ ಬಿಟ್ಟ ಮೇಲೆ ಶೆಡ್ಡಿನ ಹಿಂದೆ ನಮ್ಮವರು ಹನ್ನೆರಡು ಜನ ಬೋಗುಣಿ ಇಟ್ಟುಕೊಂಡು ಕೂತಿದ್ದರಂತೆ. ಫೋನು ಬಂದಾಗ ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದನಂತೆ. ಹನ್ನೆರಡು ಜನರ ಎದುರು ನಿನ್ನನ್ನು ಒಳ್ಳೆಯವನು ಅಂತ ಹೇಳಿ ನಾನು ನಾಳೆ ಮುಖ ಎಲ್ಲಿಡಲಿ ಎಂದು ಅವನೇ ಕೇಳಿದ.

ಏಳನೆಯ ನಂಬರಿನ ಮಾತು ಇಬ್ಬರೂ ಎತ್ತಲಿಲ್ಲ. ಇಡುವ ಮುಂಚೆ ಅಪಿಸಾಯ್, ಏನಾದ್ರೂ ತೊಂದ್ರೆ ಆಯ್ತೇನೋ ಎಂದು ಕೇಳಿದ. ತೊಂದರೆಯೇನಿಲ್ಲ, ಕೋಳಿಗಳನ್ನು ಹುಷಾರಾಗಿ ನೋಡಿಕೊ ಎಂದು ಹೇಳಿ ಸೆಕೋವೆ ಫೋನ್ ಇಟ್ಟ. ಇಟ್ಟವನೇ ಹೊರಗೆ ಹೋಗಿ ಒಂದು ತೆಂಗಿನಕಾಯಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಸುಲಿದ.

ಟೊರೀಕಾ ಅಣ್ಣನಿಗೆ ಫೋನ್ ಮಾಡಿ ಬುದ್ಧಿ ಹೇಳಬಹುದಿತ್ತು ಎಂದರೆ, ಹೇಳುವಂತಿಲ್ಲ. ವಯಸ್ಸಿಗೆ ಬಂದ ಮೇಲೆ ಅಣ್ಣ ತಂಗಿ ನೇರ ಮಾತಾಡುವುದಿಲ್ಲ. ಅವನ ಹೆಸರನ್ನೂ ಅವಳು ಬಾಯಿಗೆ ತರುವುದಿಲ್ಲ. ಮದುವೆಯ ದಿನ ಅಪಿಸಾಯ್ ಅಲ್ಲಿಂದ ಫೋನ್ ಮಾಡಿದಾಗಲೂ ಅವಳು ಪಕ್ಕದ ಕೋಣೆಗೆ ಹೋಗಿ ನಿಂತಿದ್ದಳು. ಈ ಮನೆಯಲ್ಲಿ ಅಪಿಸಾಯ್‌ಗೆ ಗಂಭೀರವಾಗಿ ಒಂದು ಮಾತು ಹೇಳಬಲ್ಲವರು ಯಾರೂ ಇರಲಿಲ್ಲ: ಒಬ್ಬನು ನಗಲೇಬೇಕು, ಇನ್ನೊಬ್ಬಳು ಸುಮ್ಮನಿರಲೇಬೇಕು.

ಮಾರನೆಯ ದಿನ ಚರ್ಚಿನಿಂದ ಬಂದ ಮೇಲೆ ಟೊರೀಕಾ ಕಾಗದ ಓದು ಎಂದಳು. ಸೆಕೋವೆ ಓದಿದ. ಇಡೀ ಊರಿನಲ್ಲಿ ನಗದೆ ಕೇಳಿದವಳು ಅವಳೊಬ್ಬಳೇ. ಇನ್ನೊಮ್ಮೆ, ನಿಧಾನಕ್ಕೆ ಎಂದಳು. ಮತ್ತೆ ಓದಿದ. ಅವಳು ಕೆಸುಗಡ್ಡೆಯ ಸಿಪ್ಪೆ ತೆಗೆಯುತ್ತಲೇ ಕೇಳಿಸಿಕೊಂಡಳು.

“ಉನಾಯ್ಸಿ ಅಪ್ಪ, ಇದರಲ್ಲಿ ಸುಳ್ಳು ಎಷ್ಟಿದೆ?”

“ಎಲ್ಲಾ ಸುಳ್ಳೇ.”

“ಬೂಟು?”

ಸೆಕೋವೆ ತಲೆ ಕೆರೆದುಕೊಂಡ. “ಬೂಟು ತಗೊಂಡಿದ್ದೆ.”

“ಮೂರು ವರ್ಷ ಹಾಕ್ಕೊಂಡು ಕೆಲಸಕ್ಕೆ ಹೋದೆಯಾ?”

“ಗಟ್ಟಿ ಬೂಟು.”

“ಗಾಡಿ ಅಲ್ಲೇ ಇದೆಯಾ?”

“ಇದೆ.”

“ಕುರ್ಚಿ ಖಾಲಿ ಇದೆಯಾ? ಯಜಮಾನ ಕೇಳ್ತಾನಾ?”

ಅದನ್ನೆಲ್ಲ ಅವನು ಮೊದಲ ಸಲ ಕೇಳುತ್ತಿದ್ದ. ನಾಲ್ಕು ವರ್ಷದಿಂದ ತನ್ನ ಕುರ್ಚಿಯಲ್ಲಿ ಯಾರೂ ಕೂತಿಲ್ಲ ಎಂಬುದು, ಯಜಮಾನ ಸೋಮವಾರ ಸೋಮವಾರ ತನ್ನನ್ನು ನೆನೆಯುತ್ತಾನೆ ಎಂಬುದು ಈ ಬೈಗುಳದ ಪಟ್ಟಿ ಬಾರದಿದ್ದರೆ ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಟೊರೀಕಾ ಚಾಕು ಕೆಳಗಿಟ್ಟಳು.

“ಆ ಮನುಷ್ಯ ಸುಳ್ಳು ಹೇಳಲ್ಲ,” ಎಂದಳು, ಅಣ್ಣನ ಹೆಸರು ಹೇಳದೆ. “ಕೊಳಕು ಬಳಿದು ಹೇಳ್ತಾನೆ. ತೊಳೆದು ನೋಡು. ಕೆಲಸ ಇದೆ, ಚರ್ಚು ಇದೆ, ಗಾಡಿ ಇದೆ, ಹೆಂಡ್ತಿ ಕಡೆಯೋರು ಇದಾರೆ. ತಾರೀಖು ಬೇರೆ ಹಾಕಿ ಕೊಟ್ಟಿದಾನೆ. ಆ ಕಾಲಂನಲ್ಲಿ ನೀನು ಬರೀಬೇಕಾಗಿದ್ದು ಇದೇ ಅಲ್ವಾ? ನೀನು ಬರೆಯಲಿಲ್ಲ, ಅವನು ಬರೆಸಿದ.”

ಸೆಕೋವೆ ಕಾಗದವನ್ನೇ ನೋಡಿದ. ಹೌದಲ್ಲ ಅನಿಸಿತು. ಹಾಗೆಯೇ, ಇದನ್ನು ಇವಳು ಕಂಡುಹಿಡಿದಳು, ನಾನಲ್ಲ ಎಂಬ ಕಿರಿಕಿರಿಯೂ ಆಯಿತು. ಹಾಗಾದರೆ ಎಲ್ಲವನ್ನೂ ಒಪ್ಪಿಕೊಂಡು ಬರೆಯುತ್ತೇನೆ ಎಂದ.

“ಒಪ್ಕೋ. ಏಳನೇದು?”

ಅವನು ಕಾಗದ ಮಡಿಸತೊಡಗಿದ. ಹೊರಗೆ ಅವನ ತಾಯಿ ಮೊಮ್ಮಗಳಿಗೆ ಏನೋ ಹಾಡು ಹೇಳಿಕೊಡುತ್ತಿದ್ದಳು. ಇಲ್ಲಿ ಅವನು ಹಾದಿಯಲ್ಲಿ ನಡೆದರೆ ಜನ ತಮ್ಮ ಚಾವಣಿ ತೋರಿಸಿ ಊಟಕ್ಕೆ ಕರೆಯುತ್ತಾರೆ. ಊರ ಸಭೆಯಲ್ಲಿ ಮುಖಂಡನಿಂದ ಮೂರನೆಯ ಜಾಗ ಅವನದು. ಅಲ್ಲಿ ಮುಖಕ್ಕೆ ವೆಲ್ಡಿಂಗಿನ ಮುಖವಾಡ, ಎದೆಯ ಪಟ್ಟಿಯ ಮೇಲೆ ಅರ್ಧ ಹೆಸರು. ಪೂರ್ತಿ ಹೆಸರು ಹೇಳಲು ಯಜಮಾನನಿಗೆ ನಾಲಿಗೆ ಹೊರಳದು. ವೀಸಾದ ಕಡೆಯ ವರ್ಷದವರೆಗೂ ಅವನು ಅರ್ಜಿ ಹಾಕದೆ ಕೂತದ್ದು ಬರೀ ಚಾವಣಿಗಳ ದೆಸೆಯಿಂದಲ್ಲ. ಹೆಂಡತಿಗೂ ಹೇಳದ ಆ ಮಾತನ್ನು ಎರಡು ಸಾವಿರ ಮೈಲಿ ಆಚೆ ಕೂತು ಆ ಕೊಳಕು ಬಾಯಿಯವನು ಎಳೆದು ತೆಗೆದು, ದುಭಾಷಿಯ ಕೈಲಿ ಕೊಟ್ಟು, ಮೊಹರು ಹಾಕಿಸಿ ಕಳಿಸಿದ್ದ. ಸೆಕೋವೆಗೆ ಸಿಟ್ಟು ಬಂದದ್ದು ಹಂದಿಗಲ್ಲ, ಇದಕ್ಕೆ.

ಟೊರೀಕಾ ಅವನ ಮುಖ ನೋಡಿದಳು. ಒತ್ತಾಯ ಮಾಡಲಿಲ್ಲ. ನಾನು ಮರಗೆಣಸು ನೆಟ್ಟಿಲ್ಲ, ಅಷ್ಟು ಮಾತ್ರ ನೆನಪಿಟ್ಟುಕೊ ಎಂದು ಗಡ್ಡೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಬಿಸುನ್ ದೇವನ ಅಂಗಡಿಯಲ್ಲಿ ಉತ್ತರ ಸಿದ್ಧವಾಯಿತು. ಬಿಸುನ್ ದೇವ್ ಇಪ್ಪತ್ತು ವರ್ಷದಲ್ಲಿ ತುಂಬಿದ ಫಾರಂಗಳಲ್ಲೆಲ್ಲ ಇದೇ ಚಂದದ್ದು ಎಂದು ಅವನೇ ಹೇಳಿದ. ಒಂದು, ಹಂದಿ ಎಂಬುದನ್ನು ಒಪ್ಪುತ್ತೇನೆ. ಹೇಳಿಕೆದಾರನು ಅದೇ ಕೊಟ್ಟಿಗೆಯವನು, ಊರ ಮುಖಂಡರ ಸರ್ಟಿಫಿಕೇಟ್ ಲಗತ್ತಿಸಿದೆ. ಎರಡು, ಬೂಟು ಕದ್ದದ್ದು ನಿಜ. ಅದನ್ನು ಮೆಟ್ಟಿ ಶೆಡ್ಡಿನಲ್ಲಿ ನಿಂತ ಮೂರು ವರ್ಷದ ಫೋಟೋಗಳನ್ನು ಲಗತ್ತಿಸಿದೆ.

ಮೂರು, ಕಿರುಚಿದ್ದು ನಿಜ; ಹೇಳಿಕೆದಾರನು ಪಕ್ಕದಲ್ಲೇ ನಿಂತು ತಪ್ಪು ಶ್ರುತಿ ಹಿಡಿದಿದ್ದರಿಂದ ಕಿರುಚಬೇಕಾಯಿತು. ಹೀಗೆ ಗಾಡಿಗೆ ಗಾಡಿಯ ಕಾಗದ, ಕದ್ದ ತಂಗಿಗೆ ಮದುವೆಯ ಕಾಗದ. ಐದನೆಯದಕ್ಕೆ ಬಿಸುನ್ ದೇವ್ ಶೆಡ್ಡಿನ ಯಜಮಾನನಿಗೆ ಬರೆದು ಎರಡು ಸಾಲಿನ ಉತ್ತರ ತರಿಸಿದ. ಕಳ್ಳ ಬಂದರೆ ಸೋಮವಾರವೇ ಕೆಲಸಕ್ಕೆ ಸೇರಬಹುದು ಎಂದಿತ್ತು. ಏಳನೆಯದರ ಎದುರು ಬಿಸುನ್ ದೇವ್ ಬೆರಳು ಕೀಲಿಮಣೆಯ ಮೇಲಿಟ್ಟು ಕಾದ. ಸೆಕೋವೆ ‘ಇದಕ್ಕೆ ಬಾಯಲ್ಲೇ ಉತ್ತರ ಕೊಡುತ್ತೇನೆ’ ಎಂದು ಬರೆಸಿದ. ಬಾಯಲ್ಲಿ ಕೇಳುವ ಅಭ್ಯಾಸ ಅವರಿಗಿಲ್ಲ ಎಂದು ಬಿಸುನ್ ದೇವ್ ಹೇಳಿದರೂ ಹಾಗೇ ಕಳಿಸಿದ.

ಹತ್ತು ದಿನಕ್ಕೆ, ಬೆಳಿಗ್ಗೆ ಅವನು ಶಾಲೆಯ ಗೇಟಿಗೆ ಕೀಲು ಕೂರಿಸುತ್ತಿದ್ದಾಗ ಫೋನ್ ಬಂತು. ಅಧಿಕಾರಿ ಒಬ್ಬಳು, ಜೊತೆಗೆ ದುಭಾಷಿ ಹೆಂಗಸು. ಸೆಕೋವೆಯೂ ಯಾವ ಭಾಷೆ ಎಂದಾಗ ನಮ್ಮದೇ ಎಂದ. ಒಂದರಿಂದ ಆರರವರೆಗೆ ಕಾಗದಪತ್ರ ಸಾಕು, ನನ್ನದೊಂದೇ ಪ್ರಶ್ನೆ ಎಂದಳು ಅಧಿಕಾರಿ. ಇಂಥ ಮಾತಾಡುವ ಮನುಷ್ಯನ ಹೆಸರನ್ನೇ ಯಾಕೆ ಕೊಟ್ಟಿರಿ, ಅವನು ಹೇಳಿದ ಏಳನೆಯದು ನಿಜವೋ ಸುಳ್ಳೋ?

ಸೆಕೋವೆ ಬಿಸಿ ಗೇಟಿನಿಂದ ದೂರ ಬಂದು ನಿಂತ.

“ನಿಜಾನೇ ಇತ್ತು ಮೇಡಂ. ಅಲ್ಲಿ ನನ್ನನ್ನ ಕೇಳೋರಿಲ್ಲ ಅಂತ ನಾನೂ ಅಂದ್ಕೊಂಡಿದ್ದೆ. ಇಲ್ಲಿ ನಂಗೆ ದೊಡ್ಡ ಮರ್ಯಾದೆ. ಆದ್ರೆ ಇಲ್ಲಿ ಎಲ್ಲರ ಚಾವಣಿನೂ ಮುಗೀತು, ಈಗ ನನ್ನ ಹೊಗಳೋರೇ ಜಾಸ್ತಿ. ಬೈಯೋನು ಒಬ್ಬನೇ ಇರೋದು, ಅವನು ನಿಮ್ಮೂರಲ್ಲಿದಾನೆ. ನಾಲ್ಕು ವರ್ಷ ಆದ್ರೂ ನನ್ನ ಕುರ್ಚಿ ಲೆಕ್ಕ, ಗಾಡಿ ಲೆಕ್ಕ ಇಟ್ಕೊಂಡು ಕೂತಿದಾನೆ. ಸಂಬಂಧ ಸತ್ತಿದ್ರೆ ಅವನು ನನ್ನನ್ನ ಒಳ್ಳೇವ್ನು ಅಂತ ಹೇಳಿ ಫೋನ್ ಇಡ್ತಿದ್ದ. ನಂಗೆ ಹೆಂಡ್ತಿ ಮಗಳನ್ನ ಕರ್ಕೊಂಡು ಅಲ್ಲಿಗೆ ಹೋಗ್ಬೇಕು. ಹೋಗಿ ಅವನಿಗೆ ಎದುರಿಗೆ ನಿಂತು ಉತ್ತರ ಕೊಡ್ಬೇಕು.”

ದುಭಾಷಿ ಒಂದೊಂದೇ ಮಾತನ್ನು ಇಂಗ್ಲಿಷಿಗೆ ಹೊರಳಿಸಿದಳು. ಹೊರಳಿಸಿ ಮುಗಿಸಿದವಳು, ಬಾಯಿ ತಡೆಯದೆ, ನೀನು ಯಾವ ಕರಾವಳಿಯವನಪ್ಪ ಎಂದು ಕೇಳಿಬಿಟ್ಟಳು. ಅವನು ಹೇಳಿದ. ಅವಳ ದ್ವೀಪಕ್ಕೂ ಈ ಕರಾವಳಿಗೂ ಅಜ್ಜಂದಿರ ಕಾಲದಿಂದ ಬೈದಾಡುವ ಸಂಬಂಧ.

“ಹಂಗನ್ನು,” ಎಂದಳು. “ಮೀನು ಹಿಡಿಯೋಕ್ ಬರ್ದೆ ಕಪ್ಪೆ ತಿನ್ನೋ ಜನ.”

“ನಿಮ್ಮೋರು ಆ ಕಪ್ಪೆನೂ ನಮ್ಮಿಂದ ಕದ್ದು ತಿಂದೋರಲ್ವಾ ಅಕ್ಕ,” ಎಂದ ಸೆಕೋವೆ. ಬಾಯಿ ತಾನಾಗಿ ಆಡಿತು.

ಈಗೇನು ಮಾತು ನಡೆಯಿತು ಎಂದು ಅಧಿಕಾರಿ ಕೇಳಿದಳು. ಆಡಿದ್ದೆಲ್ಲವನ್ನೂ ಬಿಡದೆ ಹೇಳುವುದು ದುಭಾಷಿಯ ಕೆಲಸ. ಪಾಪ, ಆ ಹೆಂಗಸು ಗಂಟಲು ಸರಿ ಮಾಡಿಕೊಂಡು ತನ್ನ ಬೈಗುಳವನ್ನೂ ಅವನ ಬೈಗುಳವನ್ನೂ ಕಪ್ಪೆಯ ಸಮೇತ ಅನುವಾದಿಸಿದಳು. ನಿಮಗಿಬ್ಬರಿಗೂ ಮೊದಲಿಂದ ಪರಿಚಯವೇ ಎಂದು ಅಧಿಕಾರಿ ಕೇಳಿದಳು. ಇಲ್ಲ, ಇದೇ ಮೊದಲ ಸಲ ಮಾತಾಡಿದ್ದು ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಹಾಗಾದರೆ ಇದೆಲ್ಲ, ಎಂದು ಅವಳು ಏನೋ ಕೇಳಲು ಹೊರಟು ನಿಲ್ಲಿಸಿದಳು. ಫೋನಿನಲ್ಲಿ ಅವಳು ಬರೆಯುವ ಸದ್ದು ಕೇಳುತ್ತಿತ್ತು. ತುಂಬ ಹೊತ್ತು ಬರೆದಳು.

ಬಾಗಿಲು ಮುಚ್ಚಲು ಆರು ದಿನವಿದ್ದಾಗ ಒಂದು ವರ್ಷಕ್ಕೆ ಮಂಜೂರಾಗಿ ಬಂತು. ಒಂದೇ ವರ್ಷ. ಅಷ್ಟರೊಳಗೆ ಹೋಗಿ ನೆಲೆ ನಿಂತು ಹೆಂಡತಿ ಮಗಳ ಅರ್ಜಿ ಹಾಕಬೇಕು. ಸಾಕಷ್ಟಾಯಿತು ಎಂದ ಬಿಸುನ್ ದೇವ್, ಫಾರಂ ತುಂಬುವುದರಲ್ಲೇ ಅರ್ಧ ಹೋಗುತ್ತದೆ ಎಂದೂ ಸೇರಿಸಿದ. ಸೆಕೋವೆ ಮನೆಗೆ ಬಂದು ಹೇಳಿದಾಗ ಟೊರೀಕಾ ಅವನ ಕೈಯಿಂದ ಕಾಗದ ತೆಗೆದುಕೊಂಡು ತಾನೇ ಓದಿದಳು. ಅತ್ತೆ ಹಿತ್ತಲಿಗೆ ಹೋದಳು. ಹೋಗಿ ಸ್ವಲ್ಪ ಹೊತ್ತು ಅಲ್ಲೇ ಇದ್ದಳು.

ಸಂಜೆ ಅವನು ಅಡುಗೆ ಮನೆಯ ಬಾಗಿಲಲ್ಲಿ ಕೂತು ಅಪಿಸಾಯ್‌ಗೆ ಫೋನ್ ಮಾಡಿದ, ಸ್ಪೀಕರಿಗೆ ಹಾಕಿದ.

“ಯಾರದ್ದೋ ವೀಸಾ ತಪ್ಪಿ ನಿಂಗೆ ಬಂದಿರ್ಬೇಕು,” ಎಂದ ಅಪಿಸಾಯ್. “ವಾಪಸ್ ಕಳ್ಸು.”

“ನಿನ್ನಂಥೋನು ಸಂಬಂಧಿ ಅಂತ ಅಯ್ಯೋ ಪಾಪ ಅಂದು ಕೊಟ್ರು ಭಾವ.”

ಅಪಿಸಾಯ್ ಹತ್ತು ನಿಮಿಷ ಬೈದ. ವಿಮಾನ ಎಷ್ಟು ಗಂಟೆಗೆ ಎಂಬುದನ್ನೂ ಬೈಗುಳದ ನಡುವೆಯೇ ಕೇಳಿ ಬರೆದುಕೊಂಡ. ಟೊರೀಕಾ ಎದ್ದು ಪಕ್ಕದ ಕೋಣೆಗೆ ಹೋಗಲಿಲ್ಲ. ಒಲೆಯ ಮೇಲೆ ತೆಂಗಿನ ಹಾಲಿನಲ್ಲಿ ಕೆಸುವಿನ ಸೊಪ್ಪು ಬೇಯುತ್ತಿತ್ತು. ಅವಳು ಫೋನಿಗೆ ಬೆನ್ನು ಹಾಕಿ, ಪಾತ್ರೆಯ ಕಡೆ ತಿರುಗಿ, ಗಟ್ಟಿಯಾಗಿ ಹೇಳಿದಳು:

“ನೋಡು ಪಾತ್ರೆ, ಇನ್ನು ನನ್ನ ಅರ್ಜಿ ಹೋಗುತ್ತೆ. ಈ ಮದುವೆ ನಿಜವೋ ನಾಟಕವೋ ಅಂತ ಕೇಳೋಕೆ ಮತ್ತೆ ಫೋನ್ ಮಾಡ್ತಾರೆ. ಎತ್ತಿಕೊಳ್ಳೋರು ಏನು ಹೇಳ್ಬೇಕು ಅಂತ ಈಗ್ಲೇ ಯೋಚ್ನೆ ಮಾಡಿಟ್ಕೊಂಡ್ರೆ ಒಳ್ಳೇದು.”

ಸೆಕೋವೆಯ ಅಷ್ಟು ವರ್ಷದ ಅನುಭವದಲ್ಲಿ ಅಪಿಸಾಯ್‌ಗೆ ಮಾತು ಸಿಗದೇ ಹೋದದ್ದು ಇದೇ ಮೊದಲು.

“ಭಾವ,” ಎಂದ ಕೊನೆಗೆ, ದನಿ ತಗ್ಗಿಸಿ. “ನಿಮ್ಮನೆ ಪಾತ್ರೆಗೆ ಒಂದು ಮಾತು ಹೇಳ್ತೀಯಾ? ನಾನು ನಿಜಾನೇ ಹೇಳ್ತೀನಿ ಅನ್ನು. ಇಂಥೋನ ಜೊತೆ ಮೂರು ವರ್ಷ ಒಂದೇ ಸೂರಿನಡಿ ಬಾಳಿದಾಳೆ ಅಂದ್ರೆ ನಾಟಕ ಆಗೋಕೆ ಸಾಧ್ಯಾನಾ ಮೇಡಂ, ಯಾವ ನಾಟಕದವ್ಳು ಇಷ್ಟು ತಡ್ಕೋತಾಳೆ ಅಂತ ಕೇಳ್ತೀನಿ ಅನ್ನು.”

ಟೊರೀಕಾ ಮುಚ್ಚಳ ತೆಗೆದು ಸೊಪ್ಪನ್ನು ಒಮ್ಮೆ ತಿರುವಿದಳು. ತುಸು ಬಾಗಿ, ಪಾತ್ರೆಯೊಳಗೆ ನೋಡುತ್ತಲೇ ಹೇಳಿದಳು:

“ಅಷ್ಟೇ ಹೇಳಿ ಫೋನ್ ಇಟ್ಟರೆ ಸಾಕು.”